ಅಪ್ಪಿಯಕ್ಕ ಬದಿಗಿಟ್ಟ ಸೂಜಿಗಳು

ನಾನು ಹರಿನಾರಾಯಣ ಭಟ್, ಸೀತಾಂಗೋಳಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಸ್ಟೋರಿನ ಗುಮಾಸ್ತ. ಬಂದ ಸಾಮಾನಿಗೆ ನಂಬರು ಹಾಕಿ ಕಪಾಟಿನಲ್ಲಿಡುವುದು, ಕೇಳಿದವರಿಂದ ಸಹಿ ಹಾಕಿಸಿಕೊಂಡು ಕೊಡುವುದು, ಇಷ್ಟೇ ನನ್ನ ವಿದ್ಯೆ. ಆ ಸಾಮಾನಿನಿಂದ ಒಳಗೆ ಏನು ಮಾಡುತ್ತಾರೆ ಎಂದು ಕೇಳಿದರೆ ಕಣ್ಣು ಕಣ್ಣು ಬಿಡುತ್ತೇನೆ. ಕಳೆದ ವರ್ಷ ಆಡಿಟಿನವರು ಒಂದು ಕಾಗದ ಕಳಿಸಿದ್ದರು: ನೀರಿನಿಂದ ಹೈಡ್ರೋಜನ್ ತೆಗೆಯುವ ಸಂಶೋಧನೆಗೆ ಎರಡು ಡಜನ್ ಉಗುರುಬಣ್ಣದ ಬಾಟಲಿ ಯಾಕೆ ಬೇಕಾಯಿತು? ಉಳಿದವರಿಗೆಲ್ಲ ಅದು ನಗೆಯ ವಿಷಯ, ಉತ್ತರ ಬರೆಯಬೇಕಾದ ನನಗೆ ಮಾತ್ರ ಸಿಟ್ಟು. ಕೊನೆಗೆ ಏನು ಬರೆಯಬೇಕೆಂದು ಹೇಳಿಕೊಟ್ಟವಳು ಅಪ್ಪಿಯಕ್ಕ. ಈ ಬರಹ ಅವಳ ಬಗ್ಗೆ.

ಅಪ್ಪಿಯಕ್ಕನ ಊರು ಮೀಂಜ. ಹನ್ನೊಂದನೆಯ ವಯಸ್ಸಿನಲ್ಲಿ ಮಡಿಲ ಮೇಲೆ ತಡಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟಲು ಕೂತವಳು ನಲುವತ್ತೇಳಕ್ಕೆ, ಬೀಡಿ ಬ್ರಾಂಚು ಮುಚ್ಚಿದ ಮೇಲೆ, ಎದ್ದಳು. ನಡುವೆ ಗಾರೆ ಕೆಲಸದ ಚೆನ್ನಪ್ಪನನ್ನು ಮದುವೆಯಾದಳು, ಮಗಳು ನಿಶ್ಮಿತಾಳನ್ನು ನರ್ಸಿಂಗ್ ಓದಿಸಿದಳು. ಬೀಡಿ ಕಟ್ಟುವವರ ಪಾಲಿಗೆ ಬ್ರಾಂಚಿನ ಚೆಕ್ಕರ್ ಎಂದರೆ ಜಡ್ಜಿಗಿಂತ ಮೇಲೆ. ಅವನು ಕಟ್ಟು ಬಿಡಿಸಿ, ಹಿಸುಕಿ ನೋಡಿ, ಬೇಡವಾದ ಬೀಡಿಗಳನ್ನು ಮುರಿದು ಬದಿಗೆ ಎಸೆಯುತ್ತಾನೆ. ಯಾಕೆ ಎಂದು ಹೇಳುವುದಿಲ್ಲ, ಕೇಳುವ ಹಾಗೂ ಇಲ್ಲ. ಆದ್ದರಿಂದ ಹೆಂಗಸರು ಮನೆಯಲ್ಲಿ ತಾವೇ ಚೆಕ್ಕರ್ ಆಗಿ, ಸಂಶಯ ಬಂದದ್ದನ್ನೆಲ್ಲ ಮೊದಲೇ ತೆಗೆದಿಟ್ಟು, ಚಂದದ್ದನ್ನು ಮಾತ್ರ ಕೊಂಡುಹೋಗುತ್ತಿದ್ದರು. ಕೊನೆಯ ಹತ್ತು ವರ್ಷ ತನ್ನ ಒಂದು ಬೀಡಿಯೂ ವಾಪಸು ಬರಲಿಲ್ಲ ಎಂದು ಹೇಳುವಾಗ ಅಪ್ಪಿಯಕ್ಕ ಸ್ವಲ್ಪ ನೆಟ್ಟಗೆ ಕೂರುತ್ತಾಳೆ.

ನಮ್ಮ ಕೇಂದ್ರಕ್ಕೆ ಅವಳು ಬಂದದ್ದು ಗುಡಿಸಿ ಒರೆಸುವ ಕೆಲಸಕ್ಕೆ. ಆಗ ಒಳಗಿನ ಲ್ಯಾಬಿನಲ್ಲಿ ಸೌಮ್ಯಶ್ರೀ ಎಂಬ ಹುಡುಗಿ ಪಿಎಚ್‌.ಡಿ. ಮಾಡುತ್ತಿದ್ದಳು, ಈಗಲೂ ಮಾಡುತ್ತಿದ್ದಾಳೆ. ಕೂದಲಿನಷ್ಟು ಸಪೂರದ ಪ್ಲಾಟಿನಂ ತಂತಿಯನ್ನು ಓರೆಯಾಗಿ ಕತ್ತರಿಸಿ ಸೂಜಿ ಮಾಡುವುದು ಅವಳ ನಿತ್ಯದ ಗೋಳು. ಸೂಜಿಯ ಕೊನೆ ಎಷ್ಟು ಚೂಪು ಬೇಕೆಂದರೆ, ಅಲ್ಲಿ ಒಂದೇ ಒಂದು ಪರಮಾಣು ಇರಬೇಕಂತೆ. ಅದಕ್ಕೊಂದು ದೊಡ್ಡ ಯಂತ್ರ ಇರಬಹುದು ಎಂದುಕೊಂಡಿದ್ದೆ. ಇಲ್ಲ, ಕೈಯಲ್ಲಿ ಕತ್ತರಿಸುವುದು! ಹತ್ತು ಕತ್ತರಿಸಿದರೆ ಒಂದೂ ಸರಿಯಾಗದೆ ಒಂದು ದಿನ ಆ ಹುಡುಗಿ ಅಳುತ್ತಾ ಕೂತಿದ್ದಾಗ, ನೆಲ ಒರೆಸುತ್ತಿದ್ದ ಅಪ್ಪಿಯಕ್ಕ ಬಟ್ಟೆ ಕೆಳಗಿಟ್ಟು, ಕೈ ತೊಳೆದು ಬಂದು, "ಕೊಡಿ ಟೀಚರ್, ನಾನೊಮ್ಮೆ ನೋಡ್ತೇನೆ" ಎಂದಳು. ಬೀಡಿ ಎಲೆ ಕತ್ತರಿಸುವಾಗ ಕತ್ತರಿ ಪೂರ್ತಿ ಮುಚ್ಚುವ ಮೊದಲೇ ಎಲೆಯನ್ನು ಎಳೆದುಬಿಡುವ ಒಂದು ಅಭ್ಯಾಸ ಅವಳದು. ತಂತಿಗೂ ಹಾಗೇ ಮಾಡಿದಳು. ಆ ಸೂಜಿಯಿಂದ ಅಂದು ಬಂದ ಚಿತ್ರವನ್ನು ಲ್ಯಾಬಿನ ಮುಖ್ಯಸ್ಥರಾದ ಪ್ರೊಫೆಸರ್ ಮಹಾಗಣಪತಿಯವರು ಗೋಡೆಗೆ ಅಂಟಿಸಿದ್ದಾರೆ.

ಆ ಚಿತ್ರ ಏನೆಂದು ಸೌಮ್ಯಶ್ರೀ ನನಗೆ ಮೂರು ಸಲ ವಿವರಿಸಿದ್ದಾಳೆ. ಮೂರನೆಯ ಸಲ ಅರ್ಧ ಅರ್ಥವಾಯಿತು. ಆಸಿಡ್ ನೀರಿನಲ್ಲಿ ಒಂದು ಪ್ಲಾಟಿನಂ ಬಿಲ್ಲೆ ಮುಳುಗಿರುತ್ತದೆ. ಸೂಜಿ ಅದನ್ನು ಮುಟ್ಟದೆ, ಆದರೆ ಮುಟ್ಟುವಷ್ಟು ಹತ್ತಿರ, ಮೇಲಿನಿಂದ ಆಚೆ ಈಚೆ ಹೋಗುತ್ತದೆ. ನಡುವಿನ ಸಂದಿನಲ್ಲಿ ಒಂದು ಚೂರು ಕರೆಂಟು ಹಾರುತ್ತದೆ, ಅದನ್ನು ಕಂಪ್ಯೂಟರ್ ಗೆರೆಯಾಗಿ ತೋರಿಸುತ್ತದೆ. ಗೆರೆಗಳೆಲ್ಲ ಸೇರಿ ಬಿಲ್ಲೆಯ ಮೈಯ ಚಿತ್ರ. ನಮ್ಮ ಕೇಂದ್ರದ ಹಿಂದೆ ಕೆಂಪುಕಲ್ಲು ಕಡಿಯುವ ಕೋರೆ ಇದೆಯಲ್ಲ, ಅದನ್ನು ಮೇಲಿನಿಂದ ನೋಡಿದ ಹಾಗೆ: ಒಂದು ಸಪಾಟು, ಒಂದು ಅಂಚು, ಕೆಳಗೆ ಇನ್ನೊಂದು ಸಪಾಟು. ಸೂಜಿ ಆಸಿಡ್ಡಿನಲ್ಲಿ ಮುಳುಗುವುದರಿಂದ ಮೈಯೆಲ್ಲ ಕರೆಂಟು ಸೋರುತ್ತದೆ. ಅದಕ್ಕೆ ತುದಿಯೊಂದನ್ನು ಬಿಟ್ಟು ಉಳಿದ ಕಡೆಗೆಲ್ಲ ಉಗುರುಬಣ್ಣ ಬಳಿಯುತ್ತಾರೆ. ಅಪ್ಪಿಯಕ್ಕ ಹೇಳಿಕೊಟ್ಟ ಹಾಗೆ ಆಡಿಟಿನವರಿಗೆ ನಾನು ಬರೆದದ್ದೂ ಇದನ್ನೇ, ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ.

ಪೊರಕೆ ಹೋಗಿ ಅಪ್ಪಿಯಕ್ಕನ ಕೈಗೆ ಕತ್ತರಿ ಬಂತು. ವರ್ಷ ವರ್ಷ ಮುಂದುವರಿಸುವ ಕರಾರಿನ ಕೆಲಸ, ಲ್ಯಾಬ್ ಸಹಾಯಕಿ ಎಂದು ಹೆಸರು. ಆದರೆ ಅವಳನ್ನು ಖುಷಿಪಡಿಸಿದ್ದು ಹೆಸರಲ್ಲ. ಒಂದು ದಿನ ಸೌಮ್ಯಶ್ರೀ, "ಅಪ್ಪಿಯಕ್ಕ, ಯಾವ ಸೂಜಿ ಒಳ್ಳೆಯದು, ಯಾವುದು ಬೇಡ ಅಂತ ಇನ್ನು ಮೇಲೆ ನೀವೇ ನೋಡಿ ಹೇಳಿ. ಗೆರೆ ನಡುಗಿದರೆ ಆ ಸೂಜಿ ಸರಿ ಇಲ್ಲ ಅಂತ ಲೆಕ್ಕ" ಎಂದು ಪರೀಕ್ಷಿಸುವ ಕ್ರಮ ಕಲಿಸಿಕೊಟ್ಟಳು. ಅಂದು ಊಟದ ಹೊತ್ತಿಗೆ ಅಪ್ಪಿಯಕ್ಕ ನನ್ನ ಕೋಣೆಗೆ ಬಂದು ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ಭಟ್ರೇ, ಇವತ್ತಿನಿಂದ ನಾನೇ ಚೆಕ್ಕರ್ ಗೊತ್ತುಂಟಾ!"

ಅವಳ ಮುಖ ನೋಡಿ ನನಗೂ ಸಂತೋಷವಾಯಿತು. ಅಷ್ಟು ವರ್ಷ ಬೇರೆಯವರು ಆರಿಸಿ ಎಸೆದದ್ದನ್ನು ನೋಡಿದವಳಿಗೆ ಆರಿಸುವ ಹಕ್ಕು ಸಿಕ್ಕಿತ್ತು. ಗೆರೆ ಒಂದಿಷ್ಟು ನಡುಗಿದರೂ ಅವಳು ಆ ಸೂಜಿಯನ್ನು ಕೊಡುತ್ತಿರಲಿಲ್ಲ. ಕೊಟ್ಟದ್ದೆಲ್ಲ ಶಿಸ್ತಾಗಿ ಗೆರೆ ಎಳೆಯುವ ಸೂಜಿಗಳು. ಬೇಡವಾದವು ಪ್ಲಾಟಿನಂ ಆದ್ದರಿಂದ ಕಸಕ್ಕೆ ಹೋಗುವಂತಿಲ್ಲ, ಒಂದು ಬಾಟಲಿಗೆ ಬಿದ್ದು ನನ್ನ ಕಪಾಟಿಗೆ ಬರುತ್ತಿದ್ದವು. ಬಾಟಲಿ ಬೇಗ ಬೇಗ ತುಂಬಿದಾಗ ನಾನು ಅವಳನ್ನು, "ನಿಮ್ಮಷ್ಟು ಕಟ್ಟುನಿಟ್ಟಿನ ಚೆಕ್ಕರ್ ನಿಮ್ಮ ಬ್ರಾಂಚಿನಲ್ಲೂ ಇರಲಿಲ್ಲ ಅಂತ ಕಾಣ್ತದೆ" ಎಂದು ತಮಾಷೆ ಮಾಡುತ್ತಿದ್ದೆ.

ಎಂಟು ತಿಂಗಳು ಹೀಗೇ ನಡೆಯಿತು. ಆಮೇಲೆ ಬಂತು ವಿಮರ್ಶಾ ಸಮಿತಿ. ರಾಜಧಾನಿ ತಿರುವನಂತಪುರದಿಂದ ಬರುವ ತಜ್ಞರು ಸೌಮ್ಯಶ್ರೀಯ ಕೆಲಸ ನೋಡಿ, ಯೋಜನೆ ಮುಂದುವರಿಯಬೇಕೋ ಬೇಡವೋ ಎಂದು ಹೇಳುತ್ತಾರೆ. ಯೋಜನೆ ನಿಂತರೆ ಅಪ್ಪಿಯಕ್ಕನ ಕರಾರೂ ನಿಂತ ಹಾಗೆ. ಸೌಮ್ಯಶ್ರೀಗೆ ಸಭೆಯೆಂದರೆ ಹೆದರಿಕೆ. ಹಿಂದಿನ ವಾರ ನಮ್ಮಿಬ್ಬರನ್ನೂ ಕೂರಿಸಿ ತನ್ನ ಭಾಷಣವನ್ನು ಕನ್ನಡದಲ್ಲಿ ಒಪ್ಪಿಸಿದಳು.

"ಬಿಲ್ಲೆಗೆ ಕರೆಂಟು ಕೊಟ್ಟರೆ ಅದರ ಮೈಮೇಲೆ ಹೈಡ್ರೋಜನ್ ಹುಟ್ಟುತ್ತದೆ" ಎಂದಳು. "ಆದರೆ ಎಲ್ಲ ಜಾಗದಲ್ಲೂ ಒಂದೇ ಹಾಗೆ ಅಲ್ಲ. ಎಲ್ಲಿ ಕೆಲಸ ಜೋರಾಗಿ ನಡೆಯುತ್ತದೋ, ಅಲ್ಲಿ ಸೂಜಿ ಬಂದಾಗ ಗೆರೆ ನಡುಗಬೇಕು. ಬೇರೆ ಕಡೆ ಮಾಡಿದವರಿಗೆ ಅಂಚುಗಳಲ್ಲಿ ಹಾಗೆ ನಡುಗಿದ್ದು ಕಂಡಿದೆ. ನಾವು ಈ ಬಿಲ್ಲೆಗೆ ಸ್ವಲ್ಪ ನಿಕಲ್ ಸೇರಿಸಿದ್ದೇವೆ. ಎಂಟು ತಿಂಗಳು ನೋಡಿದ್ದೇವೆ, ಎಲ್ಲೂ ನಡುಗಲಿಲ್ಲ. ಹಾಗಾಗಿ ನಮ್ಮ ಬಿಲ್ಲೆಯಲ್ಲಿ ಅಂಚಿಗೆ ಅಂತ ವಿಶೇಷ ಎಂತದ್ದೂ ಇಲ್ಲ."

ಚೆನ್ನಾಗಿತ್ತು ಎಂದು ನಾನು ಚಪ್ಪಾಳೆ ತಟ್ಟಿದೆ. ಅಪ್ಪಿಯಕ್ಕ ತಟ್ಟಲಿಲ್ಲ. ಹತ್ತು ನಿಮಿಷ ಕಳೆದು ನನ್ನ ಕೋಣೆಗೆ ಬಂದು ಬಾಗಿಲು ಎಳೆದುಕೊಂಡಳು.

"ಭಟ್ರೇ, ಟೀಚರ್ ಎಂತ ಹೇಳಿದ್ದು? ನಡುಗಬೇಕು ಅಂತನಾ? ನಡುಗಬಾರದು ಅಂತನಾ?"

"ನಡುಗಬೇಕು ಅಂತ."

"ಹಾಗಾದ್ರೆ ನಡುಗುವುದನ್ನೆಲ್ಲ ನಾನು ತೆಗೆದಿಟ್ಟಿದ್ದೇನಲ್ಲ ಮಾರಾಯ್ರೇ!"

ನಾನು ಕಕ್ಕಾಬಿಕ್ಕಿ. ಅವಳು ಬಿಡಿಸಿ ಹೇಳಿದಳು. ಸೌಮ್ಯಶ್ರೀ ಮೊದಲು ಪರೀಕ್ಷೆ ಕಲಿಸಿದಾಗ ಬಿಲ್ಲೆಗೆ ಕರೆಂಟು ಕೊಟ್ಟಿರಲಿಲ್ಲ. ಆಗ ಗೆರೆ ನಡುಗಿದರೆ ಸೂಜಿಯದ್ದೇ ದೋಷ, ಆ ಮಾತು ಸರಿ. ಕೆಲವು ದಿನ ಕಳೆದು, ಸಮಯ ಉಳಿಯಲಿ ಎಂದು, ಕರೆಂಟು ಕೊಟ್ಟಿಟ್ಟ ಬಿಲ್ಲೆಯ ಮೇಲೆಯೇ ಪರೀಕ್ಷೆ ಮಾಡುವ ಕ್ರಮ ಬಂತು. ಕ್ರಮ ಬದಲಾಯಿತು, ಆದರೆ ನಡುಗಿದ್ದನ್ನು ತೆಗೆದಿಡಬೇಕೆಂಬ ಮಾತು ಬದಲಾಗಲಿಲ್ಲ, ಅಪ್ಪಿಯಕ್ಕನಿಗೆ ಯಾರೂ ಹೇಳಲಿಲ್ಲ. ಬಿಲ್ಲೆಯ ಮೇಲೆ ನಡೆಯುವ ಕೆಲಸವನ್ನು ಕೇಳಬಲ್ಲ ಚುರುಕು ಸೂಜಿಗಳನ್ನೆಲ್ಲ ಅವಳು ಬಾಟಲಿಗೆ ಹಾಕಿ, ಏನೂ ಕೇಳಿಸದ ಮೊಂಡು ಸೂಜಿಗಳನ್ನು ಆರಿಸಿ ಆರಿಸಿ ಟೀಚರ್ ಕೈಗೆ ಕೊಟ್ಟಿದ್ದಳು.

ಇದರಲ್ಲಿ ತಪ್ಪು ಯಾರದ್ದು ಎಂದು ನನಗೆ ಆವತ್ತೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಆದರೆ ಗುಮಾಸ್ತನ ಬುದ್ಧಿ ಎಲ್ಲಿಗೆ ಓಡಬೇಕೋ ಅಲ್ಲಿಗೇ ಓಡಿತು.

"ಬಾಯಿ ಮುಚ್ಚಿ ಕೂತ್ಕೊಳ್ಳಿ ಅಪ್ಪಿಯಕ್ಕ. ಸಮಿತಿ ಬಂದು ಹೋಗಲಿ, ಕರಾರಿಗೆ ಸಹಿ ಬೀಳಲಿ. ಆಮೇಲೆ ಮೆಲ್ಲ ಹೇಳಿದರಾಯ್ತು."

"ಟೀಚರ್ ಸುಳ್ಳು ಹೇಳಿದ ಹಾಗೆ ಆಗ್ತದಲ್ಲ?"

"ಅವರಿಗೆ ಗೊತ್ತಿಲ್ಲದ್ದು ಸುಳ್ಳು ಹೇಗೆ ಆಗ್ತದೆ?"

"ನನಗೆ ಗೊತ್ತುಂಟಲ್ಲ ಈಗ" ಎಂದಳು.

ನಾನು ಇನ್ನೂ ನಾಲ್ಕು ಮಾತು ಹೇಳಿದೆ. ಅವಳು ತಲೆಯಾಡಿಸಿದಳು. ಕೇಳಿದಳು ಎಂದುಕೊಂಡೆ. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವಳು ಲ್ಯಾಬಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ್ದಳು.

ಸೌಮ್ಯಶ್ರೀ ಮೊದಲು ನಕ್ಕಳಂತೆ, ಆಮೇಲೆ ಕಿರುಚಿದಳು. "ಎಂಟು ತಿಂಗಳಲ್ಲಿ ಒಂದು ಸಲ ಹೇಳ್ಲಿಕ್ಕೆ ಆಗ್ಲಿಲ್ವಾ?" ಎಂದು ಕೇಳಿದ್ದು ನನ್ನ ಕೋಣೆಯವರೆಗೂ ಕೇಳಿಸಿತು. "ನೀವು ಕೇಳಲಿಲ್ಲ, ಟೀಚರ್" ಎಂದು ಅಪ್ಪಿಯಕ್ಕ ಸಣ್ಣ ಸ್ವರದಲ್ಲಿ ಹೇಳಿದಳಂತೆ. ನನ್ನ ಕಪಾಟಿನ ಬಾಟಲಿಗಳನ್ನು ತರಿಸಿ ನೋಡಿದರೆ, ಒಂದಕ್ಕೊಂದು ತಾಗಿ ಎಲ್ಲ ಸೂಜಿಗಳ ತುದಿ ಹಾಳಾಗಿತ್ತು. ಅಪ್ಪಿಯಕ್ಕ ಹೊಸದಾಗಿ ಆರು ಕತ್ತರಿಸಿ, ಬಣ್ಣ ಹಚ್ಚಿ, ನಡುಗಿದ ಎರಡನ್ನು ಆರಿಸಿಕೊಟ್ಟಳು, ಅವನ್ನು ಇಟ್ಟುಕೊಂಡು ಹುಡುಗಿ ಕೂತಳು. ಸಂಜೆ ನಾಲ್ಕಕ್ಕೆ ಪ್ರೊಫೆಸರರು ಸ್ಟೋರಿಗೆ ಬಂದು ಯಾಕೋ ನನ್ನ ಕೈ ಕುಲುಕಿದರು. ಸಪಾಟಿನಲ್ಲಿ ಗೆರೆ ಶಾಂತ, ಅಂಚಿಗೆ ಬಂದ ಕೂಡಲೇ ನಡುಕ, ಕರೆಂಟು ತೆಗೆದರೆ ಎಲ್ಲ ಕಡೆ ಶಾಂತ. ಅಂದರೆ ನಡುಗುವುದು ಸೂಜಿಯಿಂದಲ್ಲ, ಅಂಚಿನಲ್ಲಿ ನಡೆಯುವ ಕೆಲಸದಿಂದ ಎಂದು ಅರ್ಥವಂತೆ.

ಎಲ್ಲ ಸುಖಾಂತವಾಯಿತು ಎಂದು ನಾನು ಚಹಾ ತರಿಸಿದೆ. ಆತುರಪಟ್ಟೆ.

ಸಮಿತಿಯಲ್ಲಿ ಒಬ್ಬ ಹಿರಿಯ ಮೇಡಂ ಇದ್ದರು. ಬಿಳಿ ಕೂದಲು, ಕಡಿಮೆ ಮಾತು. ಸೌಮ್ಯಶ್ರೀ ನಡೆದದ್ದೆಲ್ಲವನ್ನೂ ಮುಚ್ಚಿಡದೆ ಹೇಳಿದಳು. ಪೂರ್ತಿ ಕೇಳಿದ ಮೇಲೆ ಅವರು ಒಂದೇ ಪ್ರಶ್ನೆ ಹಾಕಿದರು. "ಅಂದು ನಿಮಗೆ ಶಾಂತ ಗೆರೆ ಬೇಕಿತ್ತು, ಈಕೆ ಶಾಂತ ಸೂಜಿ ಆರಿಸಿಕೊಟ್ಟರು. ಇಂದು ನಿಮಗೆ ನಡುಕ ಬೇಕು, ನಡುಗುವ ಸೂಜಿ ಆರಿಸಿಕೊಟ್ಟಿದ್ದಾರೆ. ಬೇಕಾದದ್ದು ಸಿಗುವ ಹಾಗೆ ಆರಿಸಿದರೆ ಬೇಕಾದದ್ದೇ ಸಿಗುತ್ತದೆ. ನಾನು ಯಾವುದನ್ನು ನಂಬಲಿ?"

ಫೈಲು ಹಿಡಿದು ಮೂಲೆಯಲ್ಲಿ ಕೂತಿದ್ದ ನನಗೂ ಅವರ ಮಾತು ಸರಿ ಎಂದೇ ಅನಿಸಿತು.

ಮೇಡಂ ಮೂರು ವಾರದ ಸಮಯ ಕೊಟ್ಟರು, ಒಂದು ಕ್ರಮವನ್ನೂ ಹೇಳಿದರು. ಅಪ್ಪಿಯಕ್ಕ ನಲುವತ್ತು ಸೂಜಿ ಕತ್ತರಿಸಬೇಕು, ಪರೀಕ್ಷೆ ಮಾಡಬಾರದು, ಆರಿಸಬಾರದು. ಕತ್ತರಿಸಿದ ಸಾಲಿನಲ್ಲೇ ನಂಬರು ಹಾಕಿ ಅಷ್ಟನ್ನೂ ಕೊಡಬೇಕು. ಆದರೆ ಬರಿಗಣ್ಣಿಗೆ, ಕೈಗೆ ಹೇಗೆ ಅನಿಸಿತು ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿ ಮುಚ್ಚಿದ ಕವರಿನಲ್ಲಿಡಬೇಕು. ಹಿಂದಿನ ಲೆಕ್ಕದಲ್ಲಿ ಸೌಮ್ಯಶ್ರೀಗೆ ಕೊಡುವಂಥದ್ದಕ್ಕೆ ಸರಿ ಗುರುತು, ಬಾಟಲಿಗೆ ಹಾಕುವಂಥದ್ದಕ್ಕೆ ಕಾಟು, ಅಂದರೆ ಅಡ್ಡಗೀಟು. ಕವರು ನನ್ನ ಕಪಾಟಿನಲ್ಲಿ, ಬೀಗದ ಕೈ ಪ್ರೊಫೆಸರರ ಹತ್ತಿರ.

ಆ ನಲುವತ್ತು ಸೂಜಿ ಕೊಟ್ಟ ದಿನ ನಾನು ಸಾಕ್ಷಿಯಾಗಿ ಕೂತಿದ್ದೆ. ಅಪ್ಪಿಯಕ್ಕ ಇಷ್ಟು ಒದ್ದಾಡಿದ್ದನ್ನು ನಾನು ನೋಡಿಲ್ಲ. ಕತ್ತರಿಸುವುದೇನೋ ಸಲೀಸು, ಟಕ್ ಎಂದು ಎಳೆದುಬಿಡುತ್ತಿದ್ದಳು. ಕೊಡುವಾಗ ಕೈ ಮುಂದೆ ಹೋಗುತ್ತಿರಲಿಲ್ಲ. ಹದಿನೇಳನೆಯದನ್ನು ಹಿಡಿದುಕೊಂಡು, "ಟೀಚರ್, ಇದು ಖಂಡಿತ ಸರಿ ಇಲ್ಲ. ಕತ್ತರಿಸುವಾಗಲೇ ಕೈಗೆ ಗೊತ್ತಾಯ್ತು. ಇದೊಂದು ಬೇಡ, ಇನ್ನೊಂದು ಮಾಡಿ ಕೊಡ್ತೇನೆ" ಎಂದಳು.

"ಅದನ್ನೂ ಕೊಡಿ ಅಪ್ಪಿಯಕ್ಕ."

"ಹಾಳಾದದ್ದನ್ನು ಹೇಗೆ ಕೊಡುದು?"

"ಕೊಡಲೇಬೇಕು" ಎಂದಳು ಸೌಮ್ಯಶ್ರೀ. ಅಪ್ಪಿಯಕ್ಕ ಮುಖ ಆ ಕಡೆ ತಿರುಗಿಸಿ ಕೊಟ್ಟಳು. ಬದುಕಿನಲ್ಲಿ ಮೊದಲ ಸಲ ಹಾಳು, ಒಳ್ಳೆಯದು ಎಲ್ಲವನ್ನೂ ಕಲಸಿ ಒಬ್ಬರ ಕೈಗೆ ಕೊಟ್ಟೆ ಎಂದು ಆಮೇಲೆ ಹೇಳಿದಳು. ಅವಳಿಗೆ ಅದು ನಾಚಿಕೆ. ನನಗೆ ಪಾಪ ಅನಿಸಿತು, ಆ ಮೇಡಂ ಮೇಲೆ ಸಿಟ್ಟೂ ಬಂತು.

ಆ ಮೂರು ವಾರ ಅವಳ ಊಟ ನಿದ್ದೆ ಅಷ್ಟಕ್ಕಷ್ಟೆ. ದಿನಕ್ಕೊಮ್ಮೆ ನನ್ನ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ. "ಕೆಲಸ ಹೋದರೆ ಹೋಗಲಿ, ಗುಡಿಸ್ಲಿಕ್ಕೆ ನನಗೆ ಬರ್ತದೆ. ಆದರೆ ಯಾವುದು ಒಳ್ಳೆಯದು, ಯಾವುದು ಹಾಳು ಅಂತ ಹೇಳುವ ಕಣ್ಣು ನನಗೆ ಉಂಟಾ, ಇಲ್ವಾ ಭಟ್ರೇ? ಇಲ್ಲ ಅಂತಾದರೆ ಇಷ್ಟು ವರ್ಷ ನಾನು ಎಂತ ನೋಡಿದ್ದು?" ಅವಳಿಗೆ ಕಣ್ಣು ಉಂಟು ಎಂದು ನಾನು ಪ್ರೊಫೆಸರರ ಹತ್ತಿರ ಹೋಗಿ ಎರಡು ದಿನ ಜಗಳ ಮಾಡಿದೆ. ಆರಿಸುವ ಕೆಲಸವನ್ನು ಅವಳಿಂದ ಕಿತ್ತುಕೊಳ್ಳಬೇಡಿ, ಬೇಕಾದರೆ ಕರಾರಿನಲ್ಲೇ ಬರೆದುಕೊಡಿ ಎಂದೆ. ಮೊದಲು ಕವರು ಒಡೆಯಲಿ ಎಂದರು ಅವರು.

ಕವರು ಒಡೆದ ದಿನ ಮೇಡಂ ಕಂಪ್ಯೂಟರಿನ ಪರದೆಯಲ್ಲಿ ತಿರುವನಂತಪುರದಿಂದಲೇ ನೋಡುತ್ತಿದ್ದರು. ನಲುವತ್ತು ಸೂಜಿಗಳಲ್ಲಿ ಹದಿನೈದು ಅಂಚುಗಳ ಕೆಲಸವನ್ನು ಸ್ಪಷ್ಟವಾಗಿ ತೋರಿಸಿದ್ದವು. ಉಳಿದವು ಮೊಂಡು. ನಾನು ಚೀಟಿ ಓದುತ್ತಾ ಹೋದೆ, ಸೌಮ್ಯಶ್ರೀ ಪಕ್ಕದಲ್ಲಿ ತನ್ನ ಪಟ್ಟಿಗೆ ಹೋಲಿಸುತ್ತಾ ಹೋದಳು. ಅಪ್ಪಿಯಕ್ಕ ಕಾಟು ಹಾಕಿದ್ದು ಹದಿನಾಲ್ಕಕ್ಕೆ. ಅದರಲ್ಲಿ ಹನ್ನೆರಡು, ಆ ಅತ್ಯುತ್ತಮ ಹದಿನೈದರೊಳಗೆ ಬಂದವು. ಹದಿನೇಳನೆಯದು ಎಲ್ಲಕ್ಕಿಂತ ಮೇಲೆ.

ಮೇಡಂ ಮೊದಲ ಸಲ ನಕ್ಕರು. ಆರಿಸದೆ ಕೊಟ್ಟ ಸೂಜಿಗಳಲ್ಲೂ ನಡುಕ ಅಂಚಿನಲ್ಲೇ ಕಂಡದ್ದರಿಂದ ಸೌಮ್ಯಶ್ರೀಯ ಮಾತು ಸರಿ, ಯೋಜನೆ ಮುಂದುವರಿಯಲಿ ಎಂದರು. ಯಾವ ಉಪಕರಣವೂ ಇಲ್ಲದೆ ಇಷ್ಟು ಸರಿಯಾಗಿ ಸೂಜಿ ಗುರುತಿಸುವ ಕೈಯನ್ನು ತಾನು ನೋಡಿಲ್ಲ, ಇನ್ನು ಆರಿಸುವ ಕೆಲಸವನ್ನು ಆಕೆಗೇ ಕೊಡಿ, ನಂಬರು ಮತ್ತು ಚೀಟಿಯ ಕ್ರಮ ಮಾತ್ರ ಇರಲಿ ಎಂದೂ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅಪ್ಪಿಯಕ್ಕನ ಕಡೆ ತಿರುಗಿದರೆ, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಸಂತೋಷದ ಕಣ್ಣೀರು ಎಂದು ಪ್ರೊಫೆಸರರು ಹೇಳಿದರು. ನಾನೂ ಹಾಗೇ ತಿಳಿದೆ.

ಮರುದಿನ ಹೊಸ ಕರಾರು ಟೈಪು ಮಾಡಿದೆ. ಮೂರು ವರ್ಷಕ್ಕೆ. ಕೆಲಸ: ಸೂಜಿಗಳನ್ನು ತಯಾರಿಸುವುದು, ಆರಿಸುವುದು. ಆ ಕೊನೆಯ ಶಬ್ದವನ್ನು ಟೈಪು ಮಾಡುವಾಗ ನನಗೆ ನನ್ನ ಮೇಲೆಯೇ ಹೆಮ್ಮೆ. ಅವಳನ್ನು ಕರೆದು ಓದಿ ಹೇಳಿದೆ.

"ಆರಿಸುವುದು ಬೇಡ ಭಟ್ರೇ. ಅದನ್ನು ತೆಗೆಯಿರಿ" ಎಂದಳು.

ನನಗೆ ರೇಗಿತು. "ಎಂತ ತೆಗೆಯುವುದು? ಮೇಡಮ್ಮೇ ಹೇಳಿದ್ದಾರೆ, ನಿಮ್ಮಷ್ಟು ಗೊತ್ತಿರುವವರು ಬೇರೆ ಇಲ್ಲ ಅಂತ."

"ಅದೇ ಭಟ್ರೇ. ಗೊತ್ತಿಲ್ಲದೆ ತೆಗೆದಿಟ್ಟೆ ಅಂತ ಇಷ್ಟು ದಿನ ಸಮಾಧಾನ ಮಾಡ್ಕೊಂಡಿದ್ದೆ. ಗೊತ್ತಿತ್ತು ನನಗೆ. ಆ ಹನ್ನೆರಡು ಬೇರೆ ಅಂತ ಮುಟ್ಟಿದ ಕೂಡಲೇ ಗೊತ್ತಾಗಿದೆ. ಸರಿಯಾಗಿ ಹುಡುಕಿ ಹುಡುಕಿ ಅವಕ್ಕೇ ಕಾಟು ಹಾಕಿದ್ದೇನೆ. ಎಂಟು ತಿಂಗಳು ಅದನ್ನೇ ಮಾಡಿದ್ದೇನೆ." ಕರಾರಿನ ಹಾಳೆಯನ್ನು ನನ್ನ ಕಡೆಗೆ ಸರಿಸಿದಳು. "ನಾಳೆ ಟೀಚರ್ ಬೇರೆಂತದೋ ಒಳ್ಳೆಯದು ಅಂದರೆ ನಾನು ಅದನ್ನು ಆರಿಸ್ತೇನೆ. ಆಗ ಯಾವುದು ಬಾಟಲಿಗೆ ಹೋಗ್ತದೋ? ನಾನು ಕತ್ತರಿಸಿ ಎಲ್ಲವನ್ನೂ ಕೊಡ್ತೇನೆ. ಬೇಕಾದ್ದನ್ನು ಅವರು ನೋಡಿಕೊಳ್ಳಲಿ."

ನಾನು ವಾದ ಮಾಡಿದೆ. ಬೈದೆ ಎಂದರೂ ಸರಿ. ಅವಳು ಅಲ್ಲಾಡಲಿಲ್ಲ, ಪೆನ್ನನ್ನೂ ಮುಟ್ಟಲಿಲ್ಲ. ಲ್ಯಾಬಿನಿಂದ ಸೌಮ್ಯಶ್ರೀ ಎರಡು ಸಲ ಅವಳನ್ನು ಕರೆದಳು. ಕೊನೆಗೆ ನಾನು ಬೇರೆ ಹಾಳೆ ಹಾಕಿ, ಆ ಒಂದು ಶಬ್ದ ಬಿಟ್ಟು, ಉಳಿದದ್ದನ್ನೆಲ್ಲ ಮತ್ತೆ ಟೈಪು ಮಾಡಿದೆ. ಅವಳು ಸಹಿ ಹಾಕಿ ಹೋದಳು. ಅವಳಿಗಾಗಿ ಜಗಳವಾಡಿ ಗೆದ್ದದ್ದು ಆ ಶಬ್ದವೊಂದನ್ನೇ, ಅದನ್ನು ನನ್ನ ಕೈಯಿಂದಲೇ ತೆಗೆದೆ. ಮಾಡಿದ್ದು ಸರಿಯೋ ತಪ್ಪೋ ಎಂದು ಯಾರನ್ನು ಕೇಳಬೇಕೆಂದು ನನಗೆ ಗೊತ್ತಿಲ್ಲ.